ಜೆನೊಯೆಫ್ಫಾ ಬಾಳಿದ ಮನೆ

ಉತ್ತರ ಇಟಲಿಯ ಪೊ ನದಿ ಬಯಲಿನಲ್ಲಿ, ರೆಜ್ಜೊ ಎಮಿಲಿಯಾ ಜಿಲ್ಲೆಯ ಗತ್ತಾತಿಕೊ ಎಂಬ ಊರಿನ ಬಳಿ ಕಂಪಿ ರೊಸ್ಸಿ ಎಂಬ ಜಮೀನಿದೆ. ಅಲ್ಲಿನ ರೈತರ ಮನೆ ಈಗ ಚೆರ್ವಿ ವಸ್ತುಸಂಗ್ರಹಾಲಯ. ಒಂದೇ ದಿನ ಗುಂಡಿಗೆ ಬಲಿಯಾದ ಏಳು ಮಂದಿ ಅಣ್ಣತಮ್ಮಂದಿರ ಮನೆಯೆಂದು ಅದು ಹೆಸರಾಗಿದೆ. ಅವರ ತಾಯಿ ಜೆನೊಯೆಫ್ಫಾ ಕೊಕ್ಕೋನಿ ಅವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಈ ಮನೆಯ ಕಥೆಯನ್ನು ಎಲ್ಲಿಂದ ಹಿಡಿದರೂ ಅದು ಅವರಿಗೇ ಬಂದು ಮುಟ್ಟುತ್ತದೆ.

1876ರಲ್ಲಿ ಹುಟ್ಟಿದ ಜೆನೊಯೆಫ್ಫಾ 1899ರಲ್ಲಿ ಅಲ್ಚೀದೆ ಚೆರ್ವಿ ಅವರನ್ನು ಮದುವೆಯಾದರು. ಒಂಬತ್ತು ಮಕ್ಕಳು: ಏಳು ಗಂಡು, ಎರಡು ಹೆಣ್ಣು. ಹಿರಿಯ ಮಗ ಜೆಲಿಂದೊ ಹುಟ್ಟಿದ್ದು 1901ರಲ್ಲಿ, ಕಿರಿಯ ಎತ್ತೊರೆ 1921ರಲ್ಲಿ. ಬೇರೆಯವರ ಹೊಲವನ್ನು ಪಾಲಿಗೆ ಉಳುತ್ತಿದ್ದ ಕುಟುಂಬವಿದು. 1934ರಲ್ಲಿ ಕಂಪಿ ರೊಸ್ಸಿಯನ್ನು ಗೇಣಿಗೆ ಹಿಡಿದ ಮೇಲೆಯೇ ಬೇಸಾಯದ ನಿರ್ಧಾರ ಮನೆಯವರ ಕೈಗೆ ಬಂದದ್ದು. ಏರುತಗ್ಗಿನ ನೆಲವನ್ನು ಸಮ ಮಾಡಿದರು, ಹಸು ಸಾಕಿದರು. ಮಗ ಆಲ್ದೊ 1939ರಲ್ಲಿ ಟ್ರ್ಯಾಕ್ಟರ್ ತಂದಾಗ ಅದರ ಜೊತೆ ಒಂದು ಭೂಗೋಳವನ್ನೂ ಕೊಂಡು ತಂದಿದ್ದ. ಸಂಗ್ರಹಾಲಯಕ್ಕೆ ಬಂದವರು ಹೆಚ್ಚು ಹೊತ್ತು ನಿಂತು ನೋಡುವುದು ಇವೆರಡನ್ನೇ.

ರೈತನ ಮಗನೊಬ್ಬ ಭೂಗೋಳ ಕೊಳ್ಳುವಂತಾದದ್ದರ ಬೇರು ಕೊಟ್ಟಿಗೆಯಲ್ಲಿದೆ. ಎಮಿಲಿಯಾದ ಚಳಿಗಾಲದಲ್ಲಿ ದನಗಳ ಮೈಶಾಖವಿದ್ದ ಕೊಟ್ಟಿಗೆಯೇ ಮನೆಯ ಬೆಚ್ಚನೆಯ ಜಾಗ. ರಾತ್ರಿ ಎಲ್ಲರೂ ಸೇರುತ್ತಿದ್ದುದು ಅಲ್ಲಿಯೇ. ರೈತ ಹೆಂಗಸರಲ್ಲಿ ಓದು ಬಲ್ಲವರು ಕಡಿಮೆಯಿದ್ದ ಕಾಲದಲ್ಲಿ ಜೆನೊಯೆಫ್ಫಾ ಬೈಬಲಿನ ಕಥೆಗಳನ್ನೂ ಕಾದಂಬರಿಗಳನ್ನೂ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅವರದು ದೈವಭಕ್ತ ಕ್ಯಾಥೊಲಿಕ್ ಮನಸ್ಸು. ಮಕ್ಕಳು ಮುಂದೆ ಬೇರೆ ರಾಜಕೀಯ ದಾರಿ ಹಿಡಿದರೂ ತಾಯಿ ಅವರ ಕೈ ಬಿಡಲಿಲ್ಲ.

1943ರ ಜುಲೈ 25ರಂದು ಮುಸೊಲಿನಿ ಪದಚ್ಯುತನಾದ. ಚೆರ್ವಿ ಮನೆಯವರು ಕ್ವಿಂಟಲ್‌ಗಟ್ಟಲೆ ಪಾಸ್ತಾ ಬೇಯಿಸಿ, ಬೆಣ್ಣೆ ಮತ್ತು ಪಾರ್ಮೆಸಾನ್ ಚೀಸ್ ಬೆರೆಸಿ, ಹಾಲಿನ ಕ್ಯಾನುಗಳಲ್ಲಿ ತುಂಬಿಕೊಂಡು ಕಂಪೇಜಿನೆ ಊರಿನ ಚೌಕಕ್ಕೆ ಒಯ್ದು ಜನರಿಗೆಲ್ಲ ಬಡಿಸಿದರು. ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ದೇಶವನ್ನು ಆಕ್ರಮಿಸಿದಾಗ ಇದೇ ಮನೆ, ಸೆರೆಯಿಂದ ತಪ್ಪಿಸಿಕೊಂಡ ವಿದೇಶಿ ಸೈನಿಕರಿಗೆ ಅಡಗುತಾಣವಾಯಿತು. ಬಂದವರಿಗೆ ಊಟ, ಬಟ್ಟೆ, ಮಲಗಲು ಜಾಗ ಕೊಡುವುದೆಂದರೆ ಇಡೀ ಮನೆಯನ್ನೇ ಪಣಕ್ಕಿಟ್ಟಂತೆ. ಆ ಕೆಲಸದ ಬಹುಭಾಗ ಜೆನೊಯೆಫ್ಫಾ ಮತ್ತು ಸೊಸೆಯಂದಿರ ಹೆಗಲ ಮೇಲಿತ್ತು.

ನವೆಂಬರ್ 25ರ ನಸುಕಿನಲ್ಲಿ ಫ್ಯಾಸಿಸ್ಟರು ಮನೆಯನ್ನು ಸುತ್ತುವರಿದು ಬೆಂಕಿ ಹಚ್ಚಿದರು. ತಂದೆಯನ್ನೂ ಏಳು ಮಕ್ಕಳನ್ನೂ ಹಿಡಿದೊಯ್ದರು. ಡಿಸೆಂಬರ್ 28ರಂದು ರೆಜ್ಜೊ ಎಮಿಲಿಯಾದ ಗುಂಡು ಅಭ್ಯಾಸದ ಮೈದಾನದಲ್ಲಿ ಏಳೂ ಮಂದಿಯನ್ನು, ಜೊತೆಗಾರ ಕ್ವಾರ್ತೊ ಕಮುರ್ರಿಯನ್ನೂ ಗುಂಡಿಟ್ಟು ಕೊಂದರು. ಹತ್ತು ದಿನ ಕಳೆದ ಮೇಲೆ ಬಾಂಬ್ ದಾಳಿಗೆ ಸೆರೆಮನೆ ಒಡೆಯಿತು. ಅಲ್ಚೀದೆ ತಪ್ಪಿಸಿಕೊಂಡು ಮನೆ ಸೇರಿದರು. ಮಕ್ಕಳನ್ನು ವಿಚಾರಣೆಗೆಂದು ಬೇರೆ ಕಡೆ ಒಯ್ದಿದ್ದಾರೆಂದೇ ಅವರು ನಂಬಿದ್ದರು. ಕಾಯಿಲೆಯಿಂದ ಸೊರಗಿದ್ದ ಗಂಡನಿಗೆ ಜೆನೊಯೆಫ್ಫಾ ವಾರಗಟ್ಟಲೆ ನಿಜ ಹೇಳಲಿಲ್ಲ. ಏಳು ಮಕ್ಕಳ ಸಾವನ್ನು ಒಡಲಲ್ಲಿಟ್ಟುಕೊಂಡು, ದಿನವೂ ಅವರ ಮುಂದೆ ಏನೂ ಆಗದವರಂತೆ ಓಡಾಡಿದರು. ಈ ಕುಟುಂಬದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಧೈರ್ಯ ಇನ್ನೊಂದು ಕಾಣುವುದಿಲ್ಲ.

1944ರ ಅಕ್ಟೋಬರಿನಲ್ಲಿ ಮನೆಗೆ ಮತ್ತೆ ಬೆಂಕಿ ಬಿತ್ತು. ಹೃದಯ ತಡೆಯಲಿಲ್ಲ, ನವೆಂಬರ್ 14ರಂದು ಜೆನೊಯೆಫ್ಫಾ ತೀರಿಕೊಂಡರು. ಇಟಲಿಯ ಬಿಡುಗಡೆಗೆ ಆಗ ಇನ್ನೂ ಐದು ತಿಂಗಳಿತ್ತು. ಹೊಲ, ಹಸು, ಮೊಮ್ಮಕ್ಕಳ ಹೊಣೆ ಅಲ್ಚೀದೆ ಮತ್ತು ನಾಲ್ವರು ವಿಧವೆ ಸೊಸೆಯಂದಿರ ಮೇಲೆ ಬಿತ್ತು.

ಸರ್ಕಾರ ಕೊಟ್ಟ ಏಳು ಬೆಳ್ಳಿ ಪದಕಗಳನ್ನು ಎದೆಯ ಮೇಲೆ ಧರಿಸಿದ ಅಲ್ಚೀದೆ ಅವರ ಚಿತ್ರ ದೇಶಕ್ಕೆಲ್ಲ ಪರಿಚಿತ. ಅವರು 1970ರವರೆಗೆ ಬದುಕಿದ್ದರು. ಜೆನೊಯೆಫ್ಫಾ ಅವರ ನೆನಪಿಗೆ ಕಾನೂನುತಜ್ಞ, ಲೇಖಕ ಪಿಯೆರೊ ಕಲಮಾಂದ್ರೆಯಿ ಒಂದು ಸ್ಮಾರಕಲೇಖ ಬರೆದರು.

ಈ ಮನೆಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುವ ಅಲ್ಚೀದೆ ಚೆರ್ವಿ ಸಂಸ್ಥೆ 1972ರಲ್ಲಿ ಸ್ಥಾಪನೆಯಾಯಿತು. ಇಟಲಿಯ ಕೃಷಿ ಚರಿತ್ರಕಾರ ಎಮಿಲಿಯೊ ಸೆರೇನಿ ಅವರ ಗ್ರಂಥಭಂಡಾರವೂ ಈಗ ಇಲ್ಲಿದೆ. ಪ್ರತಿ ವರ್ಷ ಜುಲೈ 25ಕ್ಕೆ ಅಂಗಳದಲ್ಲಿ ಪಾಸ್ತಾ ಬೇಯಿಸಿ ಬಂದವರಿಗೆಲ್ಲ ಬಡಿಸುತ್ತಾರೆ. ಇಟಲಿಯ ಬೇರೆ ಅನೇಕ ಊರುಗಳೂ ಅದೇ ದಿನ ಈ ಪದ್ಧತಿಯನ್ನು ನಡೆಸಿಕೊಂಡು ಬರುತ್ತಿವೆ.