ಹಳೇ ಸೀರೆಗೂ ಒಂದು ಮರ್ಯಾದೆ

ಮಗು ಹುಟ್ಟಿದಾಗ ನಮ್ಮ ಕಡೆ ಮೊದಲು ತೊಡಿಸುವುದು ಏನನ್ನು ಹೇಳಿ? ಅಂಗಡಿಯಿಂದ ತಂದ ಹೊಸ ಅಂಗಿಯನ್ನಲ್ಲ. ಮಕ್ಕಳು ಚೆನ್ನಾಗಿ ಬೆಳೆದ ಮನೆಯಿಂದ ಕೇಳಿ ತಂದ ಹಳೇ ಅಂಗಿ, ಇಲ್ಲವೇ ಅಜ್ಜಿಯ ನೂಲಿನ ಸೀರೆ ಹರಿದು ಮಾಡಿದ ಮೆತ್ತನೆ ಬಟ್ಟೆ. ಹೊಸದು ಎಳೇ ಮೈಗೆ ಚುಚ್ಚುತ್ತದೆ ಎನ್ನುವುದು ಒಂದು ಕಾರಣ. ಆ ಮನೆಯ ಮಕ್ಕಳ ಹಾಗೆ ಇದೂ ಗಟ್ಟಿಮುಟ್ಟಾಗಿ ಬೆಳೆಯಲಿ ಎನ್ನುವ ಆಸೆ ಇನ್ನೊಂದು. ಹೀಗೆ ಬೇರೆಯವರ ಬಟ್ಟೆಯಲ್ಲೇ ಬಾಳು ಶುರುಮಾಡಿದ ನಾವು, ದೊಡ್ಡವರಾದ ಮೇಲೆ ‘ಅಯ್ಯೋ, ಇನ್ನೊಬ್ಬರು ಉಟ್ಟು ಬಿಟ್ಟದ್ದು’ ಅಂತ ಮೂಗು ಮುರಿಯುತ್ತೇವೆ. ತಮಾಷೆಯಲ್ಲವೇ?

ಓದುಗ ಸೋದರಿಯರೇ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹೆಣ್ಣುಮಕ್ಕಳಿಗೆ ‘ಏನನ್ನೂ ಸುಮ್ಮನೆ ಎಸೆಯಬೇಡಿ’ ಎಂದು ಯಾರೂ ಭಾಷಣ ಬಿಗಿಯಬೇಕಾಗಿರಲಿಲ್ಲ. ಪಾಠ ಹಿತ್ತಲಲ್ಲೇ ನಿಂತಿತ್ತು. ಕಾಯಿ ಅಟ್ಟ ಹತ್ತಿ, ತಿಂಗಳುಗಟ್ಟಲೆ ಒಣಗಿ, ಕೊಬ್ಬರಿಯಾಗಿ ಮಾರುಕಟ್ಟೆ ಸೇರುತ್ತದೆ. ಸುಲಿದ ಮಟ್ಟೆ ನಾರಿಗೆ, ಬಚ್ಚಲ ಒಲೆಗೆ, ಉಳಿದರೆ ತೇವ ಹಿಡಿಯಲಿ ಅಂತ ತೋಟದ ಗುಂಡಿಗೆ. ಗರಿಯ ಕಡ್ಡಿ ಪೊರಕೆಗೆ, ಸೋಗೆ ಚಪ್ಪರಕ್ಕೆ. ಚಿಪ್ಪು ಸುಟ್ಟ ಇದ್ದಿಲಂತೂ ಕಾರ್ಖಾನೆಗೆ ಹೋಗಿ, ಕುಡಿಯುವ ನೀರು ಸೋಸುವ ಯಂತ್ರದೊಳಗಿನ ಕರಿಪುಡಿಯಾಗಿ ಮತ್ತೆ ನಮ್ಮ ಅಡಿಗೆ ಮನೆಗೇ ಬರುತ್ತದೆ! ಒಲೆಯ ಬೂದಿಯಲ್ಲಿ ಪಾತ್ರೆ ಬೆಳಗಿ, ಮಿಕ್ಕಿದ್ದನ್ನು ತೆಂಗಿನ ಬುಡಕ್ಕೆ ಸುರಿದರೆ ಅಲ್ಲಿಗೆ ಒಂದು ಸುತ್ತು ಮುಗಿಯಿತು.

ಈಗ ಅದೇ ಬಚ್ಚಲ ಒಲೆಗೆ ಏನೇನು ಹೋಗುತ್ತಿದೆ, ನೀವೇ ನೋಡಿ. ಹಾಲಿನ ಕವರು, ಒಡೆದ ಬಕೆಟ್ಟು, ಬಣ್ಣ ಹೋದ ಪಾಲಿಯೆಸ್ಟರ್ ಸೀರೆ. ಬೇಗ ಉರಿ ಹತ್ತುತ್ತದೆ ಅಂತ ತುರುಕುತ್ತೇವೆ. ಪಾಲಿಯೆಸ್ಟರ್ ಎಂದರೆ ಹೊಳೆಯುವ ಬಟ್ಟೆ ಎಂದಷ್ಟೇ ತಿಳಿದಿದ್ದೇವೆ. ಅದು ಕಲ್ಲೆಣ್ಣೆಯಿಂದ ತೆಗೆದದ್ದು, ಪ್ಲಾಸ್ಟಿಕ್ಕಿನ ಅಕ್ಕತಂಗಿ. ಮಣ್ಣಿಗೆ ಹಾಕಿದರೆ ನೂಲಿನ ಸೀರೆಯ ಹಾಗೆ ಕೊಳೆಯುವುದಿಲ್ಲ. ಒಲೆಗೆ ಹಾಕಿದರೆ ಹೊಗೆ ನಮ್ಮ ಎದೆಗೇ. ಪಿ.ವಿ.ಸಿ. ಪ್ಲಾಸ್ಟಿಕ್ ಸುಟ್ಟರಂತೂ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಆ ಬೂದಿಯಲ್ಲಿ ಪಾತ್ರೆ ತಿಕ್ಕುವುದು ಹೇಗೆ, ಮರದ ಬುಡಕ್ಕೆ ಹಾಕುವುದು ಹೇಗೆ? ಬಾಣಂತಿ, ಮಗು ಇರುವ ಮನೆಯಲ್ಲಿ ನೀರು ಕಾಯಿಸುವಾಗಲಾದರೂ ಮಟ್ಟೆ ಸೌದೆ ಬಿಟ್ಟು ಬೇರೇನನ್ನೂ ಒಲೆಗೆ ತೋರಿಸಬೇಡಿ.

‘ಹಾಗಾದರೆ ಬೀರು ತುಂಬಿದ ಹಳೇ ಸೀರೆಗಳನ್ನು ಏನು ಮಾಡೋದು? ಬಡವರಿಗೆ ಕೊಟ್ಟುಬಿಡೋಣ’ ಎನ್ನುತ್ತೀರಿ. ಕೊಡೋಣ. ಆದರೆ ಕೊಡುವುದಕ್ಕೂ ಒಂದು ಕ್ರಮವಿದೆ ಎಂದು ನನಗೆ ಮನದಟ್ಟಾದದ್ದು ನಮ್ಮ ಬೀದಿಯ ಒಂದು ಮನೆಯ ಹಿತ್ತಲಲ್ಲಿ. ಕಾಯಿ ಎಣಿಸಿ ಹಾಕಲು ಬರುತ್ತಿದ್ದ ಹೆಂಗಸಿಗೆ ಮನೆಯಾಕೆ ಒಂದು ಗಂಟು ಬಟ್ಟೆ ಕೊಟ್ಟರು. ಆಕೆ ಅಲ್ಲೇ ಗಂಟು ಬಿಚ್ಚಿ, ಮೇಲಿನ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದಳು. ನೆರಿಗೆಯ ಕಡೆ ಪಿಸಿದು ಜಾಲರಿಯಾಗಿತ್ತು. ‘ಅಮ್ಮಾರೇ, ಇದನ್ನ ಉಟ್ಕಂಡು ನಾನು ಸಂಘದ ಮೀಟಿಂಗಿಗೆ ಹೋಗಾಕಾಯ್ತದಾ? ನೆಲ ಒರೆಸಾಕಾದ್ರೆ ಒರೆಸಾಕೆ ಅಂತ ಹೇಳಿ ಕೊಡಿ, ತಗಂಡು ಹೋಯ್ತೀನಿ’ ಅಂದಳು. ಮನೆಯಾಕೆಗೆ ಸಿಟ್ಟು ಬಂತು, ಎಷ್ಟು ಜಂಬ ನೋಡಿ ಅಂತ ಆಮೇಲೆ ನನ್ನ ಹತ್ತಿರ ಹೇಳಿಕೊಂಡರು. ನನಗೇನೋ ಆ ಹೆಂಗಸಿನ ಮಾತೇ ಸರಿ ಎನಿಸಿತು. ಕೊಟ್ಟದ್ದನ್ನೆಲ್ಲ ಕಣ್ಣು ಮುಚ್ಚಿ ತೆಗೆದುಕೊಳ್ಳಲೇಬೇಕು ಅನ್ನುವುದಾದರೆ ಅದು ದಾನ ಹೇಗಾಯಿತು? ನಮ್ಮ ಮನೆಯ ಕಸ ಅವರ ಮನೆಗೆ ಸಾಗಿತು, ಅಷ್ಟೆ.

ಇದೇ ಮಾತನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ ಸಂಸ್ಥೆಯೊಂದಿದೆ. ಹೆಸರು ಗೂಂಜ್. ಗೂಂಜ್ ಎಂದರೆ ಹಿಂದಿಯಲ್ಲಿ ಪ್ರತಿಧ್ವನಿ. 1999ರಲ್ಲಿ ದೆಹಲಿಯಲ್ಲಿ ಅಂಶು ಗುಪ್ತ ಎಂಬವರು ತಮ್ಮ ಮನೆಯದೇ 67 ಬಟ್ಟೆಗಳಿಂದ ಶುರುಮಾಡಿದರು. 2004ರ ಸುನಾಮಿಯ ಹೊತ್ತಿಗೆ ಏನಾಯಿತು ಗೊತ್ತೇ? ದೇಶದ ಎಲ್ಲೆಡೆಯಿಂದ ತಮಿಳುನಾಡಿನ ಕರಾವಳಿಗೆ ಲಾರಿಗಟ್ಟಲೆ ಹಳೇ ಬಟ್ಟೆ ಹೋಯಿತು. ಅಲ್ಲಿನ ಜನಕ್ಕೆ ಹೊಂದದ, ಉಡಲು ಬಾರದ ಬಟ್ಟೆಗಳು ರಸ್ತೆ ಬದಿಯಲ್ಲಿ ರಾಶಿ ಬಿದ್ದವು. ಮನೆ ಮಠ ಕಳಕೊಂಡವರಿಗೂ ಇಂಥದು ಬೇಕು, ಇಂಥದು ಬೇಡ ಅಂತ ಇರುತ್ತದಲ್ಲ! ಕಳಿಸಿದವರಿಗೆ ಅದು ಹೊಳೆಯಲೇ ಇಲ್ಲ. ಆ ರಾಶಿಗಳನ್ನು ಎತ್ತಿ, ವಿಂಗಡಿಸಿ, ಉಪಯೋಗಕ್ಕೆ ತಂದವರಲ್ಲಿ ಗೂಂಜ್‌ನವರೂ ಇದ್ದರು.

ಅವರ ಕ್ರಮ ನನಗೆ ಬಹಳ ಹಿಡಿಸಿತು. ಬಟ್ಟೆಯನ್ನು ಅವರು ಸುಮ್ಮನೆ ಹಂಚುವುದಿಲ್ಲ. ಊರಿನ ಜನ ತಮ್ಮೂರಿಗೆ ಏನಾಗಬೇಕು ಅಂತ ತಾವೇ ಕೂತು ತೀರ್ಮಾನಿಸುತ್ತಾರೆ. ಬಾವಿ ತೋಡುವುದೋ, ಕೆರೆ ಹೂಳೆತ್ತುವುದೋ, ರಸ್ತೆ ಸರಿಮಾಡುವುದೋ, ಎಲ್ಲರೂ ಸೇರಿ ಕೆಲಸ ಮುಗಿಸುತ್ತಾರೆ. ಆ ದುಡಿಮೆಗೆ ಪ್ರತಿಫಲವಾಗಿ ಬಟ್ಟೆಬರೆ, ಮನೆ ಸಾಮಾನು ಸಿಗುತ್ತದೆ. ಹಾಗೆ ಪಡೆದವರು ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ. ಉಡಲಾಗದ ನೂಲಿನ ಬಟ್ಟೆಯನ್ನೂ ಅವರು ಬಿಡುವುದಿಲ್ಲ. ಒಗೆದು, ಒಣಗಿಸಿ, ಹೆಂಗಸರ ತಿಂಗಳ ದಿನಗಳಿಗೆ ಬೇಕಾದ ಬಟ್ಟೆಯ ಪ್ಯಾಡು ಮಾಡುತ್ತಾರೆ. ಅಂಶು ಗುಪ್ತರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹಾಗೆಂದು ಎರಡು ಸೀರೆ ಕಟ್ಟಿಕೊಂಡು ತಿಪಟೂರಿನಿಂದ ಬೆಂಗಳೂರಿನ ರೈಲು ಹತ್ತಿ ಎಂದು ನಾನು ಹೇಳುತ್ತಿಲ್ಲ. ಚಾರ್ಜೇ ಸೀರೆಗಿಂತ ಹೆಚ್ಚಾದೀತು! 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಅಭಿಯಾನವೊಂದು ನಡೆದು, ಹಳೇ ಬಟ್ಟೆ, ಪುಸ್ತಕ, ಆಟದ ಸಾಮಾನು, ಚಪ್ಪಲಿ ತಂದು ಒಪ್ಪಿಸಲು ಊರೂರಿನ ನಗರಸಭೆ, ಪುರಸಭೆಗಳು ಆರ್.ಆರ್.ಆರ್. ಎಂಬ ಕೇಂದ್ರಗಳನ್ನು ತೆರೆಯಬೇಕು ಎಂದಾಗಿತ್ತು. ಬಳಕೆ ತಗ್ಗಿಸಿ, ಮರಳಿ ಬಳಸಿ, ಹೊಸ ರೂಪ ಕೊಡಿ ಅಂತ ಅದರ ಅರ್ಥ. ನಿಮ್ಮೂರಿನಲ್ಲಿ ಅಂಥ ಕೇಂದ್ರ ಈಗ ನಡೆಯುತ್ತಿದೆಯೋ ಇಲ್ಲವೋ ಕಸದ ಗಾಡಿಯವರನ್ನೇ ಕೇಳಿ. ಇಲ್ಲವೆಂದರೆ ನಗರಸಭೆಯ ಸದಸ್ಯರನ್ನು ಕೇಳಿ. ಓಟು ಕೇಳಲು ಬರುತ್ತಾರಲ್ಲ, ಇದನ್ನೂ ಹೇಳಲಿ.

ನಾವೇ ಊರಿನಲ್ಲಿ ಮಾಡಬಹುದಾದದ್ದೂ ಇದೆ. ಇಂಗ್ಲೆಂಡಿನಲ್ಲಿ 1942ರಲ್ಲಿ ಹುಟ್ಟಿದ ಆಕ್ಸ್‌ಫ್ಯಾಮ್ ಎಂಬ ಪರೋಪಕಾರಿ ಸಂಸ್ಥೆ, ಜನ ಕೊಟ್ಟ ಹಳೇ ಸಾಮಾನುಗಳನ್ನು ತನ್ನದೇ ಅಂಗಡಿಗಳಲ್ಲಿಟ್ಟು ಮಾರುತ್ತದೆ. ಉಳ್ಳವರೂ ಅಲ್ಲಿ ಸಂಕೋಚವಿಲ್ಲದೆ ಕೊಳ್ಳುತ್ತಾರೆ. ಬೆಲೆ ಎಂಬುದೊಂದು ಇದ್ದರೆ ಕೊಳ್ಳುವವಳು ಆರಿಸುತ್ತಾಳೆ, ಚೌಕಾಶಿ ಮಾಡುತ್ತಾಳೆ, ಬೇಡವೆಂದರೆ ಬಿಟ್ಟು ಹೋಗುತ್ತಾಳೆ. ನಮ್ಮ ಹೆಂಗಸರ ಸಂಘಗಳು ವರ್ಷಕ್ಕೆರಡು ಸಲ, ಮಕ್ಕಳ ಸ್ಕೂಲು ಶುರುವಾಗುವ ಮುಂಚೆ ಒಮ್ಮೆ, ಹಬ್ಬದ ಮುಂಚೆ ಒಮ್ಮೆ, ಸಮುದಾಯ ಭವನದಲ್ಲಿ ಇಂಥದೊಂದು ಸಂತೆ ಯಾಕೆ ಹಾಕಬಾರದು? ಒಂದು ಸೀರೆಗೆ ಇಪ್ಪತ್ತು, ಮೂವತ್ತು ರೂಪಾಯಿ ಇಡಿ, ಸಾಕು. ಸ್ಕೂಲಿನ ಯೂನಿಫಾರಂ ಅಂತೂ ಮಗು ಒಂದು ವರ್ಷ ಹಾಕಿದರೆ ಹೆಚ್ಚು, ಮುಂದಿನ ವರ್ಷಕ್ಕೆ ಮೊಣಕಾಲ ಮೇಲೆ. ಹಿಂದೆ ಪಾಸಾದವರ ಪಠ್ಯಪುಸ್ತಕವನ್ನು ಅರ್ಧ ಬೆಲೆಗೆ ಕೊಂಡು, ಹಳೇ ಕ್ಯಾಲೆಂಡರಿನ ಹಾಳೆ ಸುತ್ತಿ ಓದಿದವರೇ ಅಲ್ಲವೇ ನಾವೆಲ್ಲ? ಆಗ ಯಾರಿಗೂ ನಾಚಿಕೆ ಇರಲಿಲ್ಲ.

ಇನ್ನು ರವಿಕೆ ಕಣದ ವಿಚಾರ. ಅದು ಅರಿಸಿನ ಕುಂಕುಮದ ತಟ್ಟೆಯಿಂದ ತಟ್ಟೆಗೆ, ಊರಿನಿಂದ ಊರಿಗೆ ಸುತ್ತಿ, ಮೂರು ವರ್ಷದ ಮೇಲೆ ಅದೇ ಮಡಿಕೆಯ ಗುರುತಿನೊಡನೆ ನಮ್ಮ ಮಡಿಲಿಗೇ ಬಂದು ಬೀಳುತ್ತದೆ. ಹೊಲಿಸಿಕೊಳ್ಳುವವರೇ ಇಲ್ಲ! ಅದರ ಬದಲು ಅಡಿಗೆ ಮನೆಗೆ ಬೇಕಾದ ಕೈಬಟ್ಟೆ, ಗಟ್ಟಿ ಬಟ್ಟೆಯ ಕೈಚೀಲ ಕೊಡುವ ಪದ್ಧತಿ ಕೆಲವು ಮನೆಗಳಲ್ಲಿ ಶುರುವಾಗಿದೆ. ನನಗಂತೂ ಸಂತೋಷ.

ಕೊಡುವ ಮುಂಚೆ ಏನು ಮಾಡಬೇಕು, ಕೇಳಿ. ಬಟ್ಟೆಯನ್ನು ಸೋಪು ಹಾಕಿ ಒಗೆದು ಚೆನ್ನಾಗಿ ಬಿಸಿಲಿಗೆ ಹಾಕಿ. ಬಿಚ್ಚಿದ ಫಾಲ್ಸು ಹೊಲಿಯಿರಿ, ಹೋದ ಗುಂಡಿ ಹಚ್ಚಿ, ರವಿಕೆಯ ಹುಕ್ಕು ತುಕ್ಕು ಹಿಡಿದಿದ್ದರೆ ಬದಲಾಯಿಸಿ. ಒಳ ಉಡುಪನ್ನು ಕೊಡಬೇಡಿ, ಚರ್ಮದ ಕಾಯಿಲೆಯವರು ತೊಟ್ಟದ್ದನ್ನೂ ಬೇಡ. ತೀರಿಕೊಂಡವರ ಬಟ್ಟೆಯ ಬಗ್ಗೆ ಒಂದೊಂದು ಮನೆಯದು ಒಂದೊಂದು ನಂಬಿಕೆ. ಕೊಡುವುದಾದರೆ ತೆಗೆದುಕೊಳ್ಳುವವರಿಗೆ ಹೇಳಿಯೇ ಕೊಡಿ. ಕಡೆಗೆ ಒಂದು ಪ್ರಶ್ನೆ: ಇದನ್ನುಟ್ಟು ನಾನು ಸಂತೆಗೆ ಹೋಗುತ್ತೇನೆಯೇ? ಇಲ್ಲವೆಂದರೆ ಅದು ಒರೆಸುವ ಬಟ್ಟೆ ಅಥವಾ ಕೌದಿಯ ಬಟ್ಟೆ.

ಕೌದಿ ಎಂದೆನಲ್ಲ, ಕೆಲವು ಕಡೆ ಬೊಂತೆ ಎನ್ನುತ್ತಾರೆ. ಪುಷ್ಯ ಮಾಸದ ಚಳಿಗೆ ಅದರ ಮುಂದೆ ಅಂಗಡಿಯ ರಗ್ಗು ಏನೂ ಅಲ್ಲ. ನೂಲಿನ ಹಳೇ ಸೀರೆಯನ್ನು ಎರಡು ಮಡಿಕೆ ಮಾಡಿ ನೆಲಕ್ಕೆ ಹಾಸಿ, ಸುಕ್ಕಿಲ್ಲದಂತೆ ನಾಲ್ಕು ಮೂಲೆಗೂ ಭಾರ ಇಡಿ. ಅದರ ಮೇಲೆ ಪಂಚೆ, ಹಳೇ ದುಪ್ಪಟಿ ಯಾವುದಾದರೂ ಎರಡು ಪದರ. ಮೇಲೆ ಬಣ್ಣಬಣ್ಣದ ತುಂಡುಗಳು. ದಪ್ಪ ದಾರದಲ್ಲಿ, ಸೂಜಿಯನ್ನು ಮೇಲೆ ಕೆಳಗೆ ತೂರಿಸುವ ಸಾದಾ ಹೊಲಿಗೆ ಸಾಕು. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬನ್ನಿ. ನಡುವಿನ ಪದರಕ್ಕೆ ಪಾಲಿಯೆಸ್ಟರ್ ಮಾತ್ರ ಸೇರಿಸಬೇಡಿ, ಬೆವರು ಹೀರುವುದಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ಕಡೆಯ ಸಿದ್ದಿ ಹೆಂಗಸರು ಹೀಗೇ ಹೊಲಿಯುತ್ತಾರೆ. ಅವರು ಅದನ್ನು ಕವಂದಿ ಎನ್ನುತ್ತಾರೆ. ನಾಲ್ಕು ಮೂಲೆಯಲ್ಲೂ ಮಡಿಸಿದ ಬಟ್ಟೆಯ ಹೂವು ಕೂರಿಸದಿದ್ದರೆ ಅವರ ಲೆಕ್ಕದಲ್ಲಿ ಕವಂದಿ ಮುಗಿದ ಹಾಗಲ್ಲ. ಆ ಚಿಂದಿ ಬಟ್ಟೆಯ ಕವಂದಿಯನ್ನು ಪರದೇಶದವರೂ ಕೊಂಡು ಹೋಗಿ ಗೋಡೆಗೆ ತೂಗುಹಾಕುತ್ತಾರೆ.

ಬಟ್ಟೆಯ ಮಾತಾಯಿತು. ಇನ್ನೊಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅದು ಬೀಗರ ಊಟದ ಮಾರನೇ ದಿನ ಚರಂಡಿಯಲ್ಲಿ ಕಾಣುವ ತಟ್ಟೆ ಲೋಟಗಳದ್ದು. ರಾಜ್ಯದಲ್ಲಿ 2016ರಲ್ಲಿ, ಇಡೀ ದೇಶದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ನಿಷೇಧವಿದೆ. ನಿಷೇಧ ಕಾಗದದಲ್ಲಿದೆ, ಲೋಟ ಚರಂಡಿಯಲ್ಲಿದೆ. ಹಿಂದೆ ಮದುವೆ ಎಂದರೆ ದೇವಸ್ಥಾನದ ಹಂಡೆ, ಕೊಪ್ಪರಿಗೆ, ಕೊಳದಪ್ಪಲೆ ತಂದು, ಮುಗಿದ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಿ ಹಿಂದಿರುಗಿಸುತ್ತಿದ್ದೆವು. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯವರು ಇದನ್ನೇ ಈಗಿನ ಕಾಲಕ್ಕೆ ಒಗ್ಗಿಸಿ, ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಎರವಲು ಕೊಡುವ ಪ್ಲೇಟ್ ಬ್ಯಾಂಕ್ ನಡೆಸುತ್ತಾರೆ.

ನಮ್ಮ ಸ್ತ್ರೀಶಕ್ತಿ ಸಂಘಗಳಿಗೆ ಇದು ಹೇಳಿ ಮಾಡಿಸಿದಂಥ ಕೆಲಸ. ಮೊದಲಿಗೆ ನೂರು ತಟ್ಟೆ, ನೂರು ಲೋಟ ಸಾಕು. ಹೊಸದೇ ಆಗಬೇಕೆಂದಿಲ್ಲ, ಪ್ರತಿ ಮನೆಯ ಅಟ್ಟದ ಮೇಲೆ ಉಡುಗೊರೆ ಬಂದ ತಟ್ಟೆಗಳು ಕಾಗದ ಕೂಡ ಬಿಚ್ಚದೆ ಕೂತಿವೆ. ತಟ್ಟೆಯ ಹಿಂದೆ ಸಂಘದ ಹೆಸರು ಹೊಡೆಸಿ. ಕೊಡುವಾಗ ಎಣಿಸಿ, ವಾಪಸು ಬಂದಾಗ ಕೊಂಡೊಯ್ದವರ ಎದುರಿಗೇ ಎಣಿಸಿ, ಪುಸ್ತಕದಲ್ಲಿ ಸಹಿ ಹಾಕಿಸಿ. ಸಣ್ಣ ಬಾಡಿಗೆ ಇರಲಿ, ಮುಂಗಡ ಇರಲಿ. ಕಳೆದ ತಟ್ಟೆಗೆ ಅದರ ಬೆಲೆ ವಸೂಲಿ ಮಾಡಿ, ಅಧ್ಯಕ್ಷಿಣಿಯ ನಾದಿನಿ ಮನೆಯ ಮದುವೆಯಾದರೂ ಸರಿಯೇ. ತೊಳೆಯುವ ಕೆಲಸಕ್ಕೆ ಬಂದವರ ಕೂಲಿಯನ್ನು ಬಾಡಿಗೆಯ ಜೊತೆಗೇ ಮೊದಲೇ ಕಟ್ಟಿಸಿಕೊಳ್ಳಿ, ಊಟ ಮುಗಿದ ಮೇಲೆ ಯಜಮಾನರು ಕೈಗೆ ಸಿಗುವುದಿಲ್ಲ.