ಕಾಣಿಸದ ಕದನದ ಕಥನ

ಅಪಾರ ದ್ರವ್ಯವನ್ನು ವ್ಯಯಿಸಿ ನಿರ್ಮಿಸಿದ ಐತಿಹಾಸಿಕ ಧಾರಾವಾಹಿಗಳಿಗೆ ಸ್ಟ್ರೀಮಿಂಗ್ ವೇದಿಕೆಗಳಲ್ಲಿ ಕುಂದದೆ ಉಳಿದಿರುವ ಜನಾದರಕ್ಕೆ ಅರಮನೆಗಳ ವೈಭವ, ರಣರಂಗದ ಕೋಲಾಹಲಗಳೇ ಕಾರಣವೆಂದು ಬಗೆದವರು, 2024ರಲ್ಲಿ ತೆರೆಕಂಡ ಹತ್ತು ಕಂತುಗಳ 'ಶೋಗನ್' ಧಾರಾವಾಹಿಯನ್ನು ಕಡೆಯವರೆಗೆ ನೋಡಿದರೆ ತಮ್ಮ ಎಣಿಕೆಯನ್ನು ತಿದ್ದಿಕೊಳ್ಳಬೇಕಾದೀತು. ಏಕೆಂದರೆ, ಜಪಾನಿನ ಭವಿತವ್ಯವನ್ನು ನಿರ್ಣಯಿಸಿದ ಸೆಕಿಗಹಾರ ಯುದ್ಧದತ್ತಲೇ ಸಾಗುವ ಆ ಕಥೆ ಯುದ್ಧವು ಮೊದಲಾಗುವ ಮುನ್ನವೇ ಮುಗಿದುಹೋಗುತ್ತದೆ.

ಜಪಾನನ್ನು ಆಳುತ್ತಿದ್ದ ತೊಯೊತೊಮಿ ಹಿದೆಯೋಶಿ 1598ರಲ್ಲಿ ಕಾಲವಾದಾಗ ಅವನ ಉತ್ತರಾಧಿಕಾರಿ ಇನ್ನೂ ಎಳೆಯ ಬಾಲಕ. ರಾಜ್ಯಭಾರವನ್ನು ನೋಡಿಕೊಳ್ಳಲು ನಿಯುಕ್ತರಾದ ಐವರು ಹಿರಿಯರಲ್ಲಿ ಒಬ್ಬನಾದ ತೊಕುಗಾವ ಇಯೆಯಾಸು, 1600ರ ಅಕ್ಟೋಬರ್ 21ರಂದು ಸೆಕಿಗಹಾರದಲ್ಲಿ ಪ್ರತಿಪಕ್ಷವನ್ನು ಮುರಿದು, 1603ರಲ್ಲಿ ಶೋಗನ್ ಎಂಬ ಸೇನಾಧಿಪತ್ಯದ ಪದವಿಯನ್ನೇರಿ, ಎರಡೂವರೆ ಶತಮಾನಕ್ಕೂ ಮಿಕ್ಕು ಬಾಳಿದ ಆಳ್ವಿಕೆಗೆ ಮೂಲಪುರುಷನಾದನು. ಇವನನ್ನೂ, ಅದೇ 1600ರಲ್ಲಿ ಡಚ್ ಹಡಗೊಂದರಲ್ಲಿ ಜಪಾನಿನ ತೀರವನ್ನು ಸೇರಿದ ಇಂಗ್ಲಿಷ್ ನಾವಿಕ ವಿಲಿಯಂ ಆಡಮ್ಸ್‌ನನ್ನೂ ಮಾದರಿಯಾಗಿರಿಸಿಕೊಂಡು, ಹೆಸರುಗಳನ್ನು ಬದಲಿಸಿ, ಜೇಮ್ಸ್ ಕ್ಲಾವೆಲ್ 1975ರಲ್ಲಿ ಬರೆದ, ಈ ಧಾರಾವಾಹಿಗೂ ಆಧಾರವಾದ ಕಾದಂಬರಿ 1980ರಲ್ಲಿಯೇ ಒಮ್ಮೆ ಟೆಲಿವಿಷನ್ನಿಗೆ ಬಂದಿತ್ತು.

ಗೆಲ್ಲುವವನಾರೆಂಬುದು ಇತಿಹಾಸ ಬಲ್ಲವರಿಗೆ ಹೀಗೆ ಮೊದಲೇ ಗೊತ್ತು. ಆದರೆ ಗದುಗಿನ ಭಾರತದ ವಾಚನಕ್ಕೆ ಕುಳಿತವನಿಗೂ ಕರ್ಣನ ಅವಸಾನ ತಿಳಿಯದ ಸಂಗತಿಯಲ್ಲ. ಮುಂದೇನಾಯಿತೆಂಬ ಕುತೂಹಲವು ಶಮಿಸಿದ ಮೇಲೆಯೇ, ಆ ಗಳಿಗೆಯಲ್ಲಿ ಆ ಜೀವಕ್ಕೆ ಏನಾಗುತ್ತಿತ್ತೆಂಬ ಆಳವಾದ ಕುತೂಹಲಕ್ಕೆ ಎಡೆ ದೊರೆಯುತ್ತದೆ.

ಒಂಬತ್ತನೆಯ ಕಂತನ್ನೇ ನೋಡಬಹುದು. ಒಸಾಕಾ ಕೋಟೆಯಲ್ಲಿರುವ ಸಾಮಂತರ ಪರಿವಾರದವರೆಲ್ಲ ನಿಜಕ್ಕೂ ಒತ್ತೆಯಾಳುಗಳೆಂಬುದನ್ನು ಸರ್ವರ ಸಮಕ್ಷಮದಲ್ಲಿ ಬಯಲಿಗಿಡಲು ಇಯೆಯಾಸುವಿನ ಪ್ರತಿರೂಪವಾದ ತೊರನಾಗನಿಗೆ ನಿಷ್ಠಳಾದ ಕುಲೀನ ಸ್ತ್ರೀ ಮರಿಕೋ ಹೆಬ್ಬಾಗಿಲಿನತ್ತ ನಡೆಯುತ್ತಾಳೆ. ಅಂಗರಕ್ಷಕರು ಉರುಳಿದ ಮೇಲೆ ಉದ್ದ ಹಿಡಿಯ ಆಯುಧವನ್ನು ತಾನೇ ಎತ್ತಿಕೊಂಡು ಈಟಿಗಳ ಸಾಲಿನ ಮೇಲೆ ಮತ್ತೆ ಮತ್ತೆ ಎರಗುತ್ತಾಳೆ. ಕಾವಲಿನವರು ಆಕೆಯನ್ನು ಕೊಲ್ಲಲೂ ಒಲ್ಲರು, ದಾರಿ ಬಿಡಲೂ ಒಲ್ಲರು. ಬಳಲಿ ನಿಂತ ಆಕೆ, ಸ್ವಾಮಿಯ ಆಜ್ಞೆಯನ್ನು ನೆರವೇರಿಸಲಾರದ ಅಪಮಾನಕ್ಕೆ ಅಂದಿನ ಸೂರ್ಯಾಸ್ತದೊಳಗೆ ಪ್ರಾಣವನ್ನೇ ತೆರುವೆನೆಂದು ಸಾರುತ್ತಾಳೆ. ಈ ಪಾತ್ರಕ್ಕೆ ಮೂಲಳಾದ ಹೊಸೊಕಾವ ಗ್ರೇಸಿಯಾ ಎಂಬ ಕ್ರೈಸ್ತ ಸ್ತ್ರೀ 1600ರಲ್ಲಿ, ಶತ್ರುಪಕ್ಷದ ಒತ್ತೆಗೆ ಸಿಲುಕದೆ, ಅದೇ ಒಸಾಕಾದಲ್ಲಿ ಮಡಿದಳು.

ಒಂದು ಹೆಬ್ಬಾಗಿಲನ್ನು ದಾಟಲಾಗದ್ದಕ್ಕೆ ಪ್ರಾಣವೇ ಪಣವಾಗುವುದು ಇಂದಿನವರಿಗೆ ನಂಬಿಕೆಯ ಮಾತಾಗಬೇಕಾದರೆ, ಆ ಸಮಾಜದ ಮರ್ಯಾದೆಗಳೊಳಗೆ ನೋಡುಗನು ಹಲವು ತಾಸು ಬಾಳಿರಬೇಕು. ವೆಚ್ಚದ ಸಾರ್ಥಕ್ಯ ಇಲ್ಲಿದೆ. ತೊರನಾಗನ ಪಾತ್ರವನ್ನು ವಹಿಸಿ ನಿರ್ಮಾಪಕರಲ್ಲಿಯೂ ಒಬ್ಬರಾದ ಹಿರೊಯುಕಿ ಸನಾದಾ, ಉಡುಗೆ, ಕೇಶಾಲಂಕಾರ, ನಡೆ, ಬಾಗುವ ರೀತಿಗಳನ್ನು ತಿದ್ದಲು ಜಪಾನಿನಿಂದ ಪರಿಣತರನ್ನು ಕರೆಸಿದರು. ಚಿತ್ರೀಕರಣ ಕೆನಡಾದಲ್ಲಿ ನಡೆದರೂ ಸಂಭಾಷಣೆಯ ಬಹುಭಾಗವು ಜಪಾನಿ ಭಾಷೆಯಲ್ಲಿಯೇ ಉಳಿಯಿತು. ಅಡಿಬರಹಗಳನ್ನು ಓದುವ ಶ್ರಮಕ್ಕೆ ನೋಡುಗರು ಬೇಸರಪಡಲಿಲ್ಲ. ಒಂದೇ ಆವೃತ್ತಿಗೆ 18 ಎಮ್ಮಿ ಪ್ರಶಸ್ತಿಗಳೂ ಬಂದುವು. ಯುದ್ಧವನ್ನು ತೋರಿಸಬಲ್ಲಷ್ಟು ಸಂಪತ್ತಿದ್ದೂ ಅದನ್ನು ಒಂದು ತಲೆಬಾಗುವಿಕೆಯ ಅರ್ಥವನ್ನು ಕಲಿಸಲು ವಿನಿಯೋಗಿಸುವ ಕೃತಿಗಳನ್ನು, ಜನರು ಸೋಲು ಗೆಲುವುಗಳನ್ನು ಅರಿತಮೇಲೂ ಮರಳಿ ನೋಡುತ್ತಾರೆ.