ಅಬ್ಬನ ಜೀಪಿಗೆ ಯಾವ ಪೇಂಟ್?

ಮೂಡಿಗೆರೆ ಕಡೆಯ ನಮ್ಮ ಹಳ್ಳಿಯಲ್ಲಿ ಟಾರು ರಸ್ತೆ ಮುಗಿದ ಮೇಲೂ ಮನೆಗೆ ಎರಡು ಕಿಲೋಮೀಟರ್ ಕಲ್ಲುದಾರಿ ಇದೆ. ಮಳೆಗಾಲದಲ್ಲಿ ಆ ದಾರಿ ಹತ್ತುವುದು ಅಬ್ಬನ ಹಳೆಯ ಮಹೀಂದ್ರ ಜೀಪ್ ಒಂದೇ. ನಮ್ಮ ಕಾಫಿ, ಮೆಣಸಿನ ಮೂಟೆ ಪೇಟೆಗೆ ಹೋಗುವುದು ಅದರಲ್ಲೇ. ರಜೆ ಮುಗಿಸಿ ನಾನು ಹಾಸ್ಟೆಲಿಗೆ ಹೊರಡುವುದೂ ಅದರಲ್ಲೇ.

ಎರಡು ವರ್ಷದ ಹಿಂದೆ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು ಮುಗಿಯಲಿ ಎಂಬ ಅವಸರದಲ್ಲಿ, ಒಂದು ಗ್ಯಾರೇಜಿನಲ್ಲಿ ಅದಕ್ಕೆ ಮಿಂಚುವ ಮೆಟಾಲಿಕ್ ಬಣ್ಣ ಹೊಡೆಸಿದೆವು. ಆ ವರ್ಷದ ಮೆಣಸಿನ ದುಡ್ಡೆಲ್ಲ ಅದಕ್ಕೇ ಹೋಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಬಾಗಿಲಿನ ಕೆಳಗೆ ಗುಳ್ಳೆ ಎದ್ದಿದ್ದವು. ಬೆರಳಿನಿಂದ ಒತ್ತಿದರೆ ಕಂದು ನೀರು. ಹಿಂದಿನ ಸೀಟಿನ ಕೆಳಗಿನ ತಗಡು ತೂತಾಗಿ ರಸ್ತೆ ಕಾಣುತ್ತಿತ್ತು. ಈ ಜನವರಿಯಲ್ಲಿ ಅಬ್ಬ ಕೇಳಿದರು: “ನೀನು ಕೆಮಿಸ್ಟ್ರಿ ಓದುತ್ತೀಯಲ್ಲ, ಹೇಳು ನೋಡೋಣ. ಇನ್ನೊಂದು ಸಲ ದುಡ್ಡು ಹಾಕಬೇಕಾದರೆ ಯಾವ ಪೇಂಟ್ ಹಾಕಿಸಲಿ? ಇಲ್ಲ, ಮಾರಿಬಿಡಲಾ?”

ದ್ವಿತೀಯ ಪಿಯುಸಿಯ ವಿದ್ಯುತ್ ರಸಾಯನಶಾಸ್ತ್ರ ಪಾಠದ ಕೊನೆಯಲ್ಲಿ ತುಕ್ಕಿನ ಬಗ್ಗೆ ಒಂದು ಭಾಗವಿದೆ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ, ಅಷ್ಟೆ. ಅಬ್ಬನ ಪ್ರಶ್ನೆ ಬಂದ ಮೇಲೆ ಅದನ್ನು ಮತ್ತೆ ಓದಿದೆ. ಕಬ್ಬಿಣದ ಮೇಲೆ ನೀರಿನ ತೆಳು ಪದರ ಕೂತರೆ ಅಲ್ಲೊಂದು ಪುಟ್ಟ ಬ್ಯಾಟರಿ ಹುಟ್ಟುತ್ತದೆ. ಒಂದು ಜಾಗದಲ್ಲಿ ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಂಡು ಕರಗುತ್ತದೆ, ಇನ್ನೊಂದು ಜಾಗದಲ್ಲಿ ಆಮ್ಲಜನಕ ಆ ಎಲೆಕ್ಟ್ರಾನನ್ನು ತೆಗೆದುಕೊಳ್ಳುತ್ತದೆ. ಉಪ್ಪಿದ್ದರೆ ಕೆಲಸ ಇನ್ನೂ ಬೇಗ. ಕೊನೆಗೆ ಸಿಗುವ ತುಕ್ಕು ಮೊದಲಿದ್ದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಅದು ಪೇಂಟನ್ನು ಒಳಗಿನಿಂದಲೇ ಎತ್ತುತ್ತದೆ. ನಮ್ಮ ಜೀಪಿನ ಗುಳ್ಳೆಗಳ ಕಥೆ ಇದೇ. ಹಳೆಯ ತುಕ್ಕನ್ನು ಪೂರ್ತಿ ತೆಗೆಯದೆ ಪಟ್ಟಿ ಮೆತ್ತಿ, ಅದರ ಮೇಲೆ ಬಣ್ಣ ಹೊಡೆದಿದ್ದರು. ಪಟ್ಟಿ ತೇವ ಹೀರುತ್ತದೆ. ಮೇಲೆ ಎಷ್ಟು ದುಬಾರಿ ಬಣ್ಣವಿದ್ದರೂ ಒಳಗೆ ಬ್ಯಾಟರಿ ಓಡುತ್ತಲೇ ಇತ್ತು.

ಆದ್ದರಿಂದ ನಾನು ಅಬ್ಬನಿಗೆ ಮೊದಲು ಹೇಳಿದ್ದು ಬಣ್ಣದ ಹೆಸರನ್ನಲ್ಲ, ಪ್ರೈಮರಿನದ್ದು. ಪೇಟೆಯಲ್ಲಿ ಎಲ್ಲರೂ ರೆಡ್ ಆಕ್ಸೈಡ್ ಎನ್ನುತ್ತಾರೆ. ಅದರ ಕೆಂಪು ಪುಡಿಯೂ ಐರನ್ ಆಕ್ಸೈಡೇ ಎಂದಾಗ ಅಬ್ಬ ನಕ್ಕರು. ಗೇಟು, ಕಿಟಕಿ ಸರಳಿಗೆ ಅದು ಸಾಕು. ಕೆಸರಲ್ಲಿ ಮುಳುಗೇಳುವ ಜೀಪಿಗೆ ಎರಡು ಡಬ್ಬಿ ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್ ಬೇಕು. ಅದು ತಗಡಿಗೆ ಗಟ್ಟಿಯಾಗಿ ಅಂಟುತ್ತದೆ, ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಪಟ್ಟಿ ಹಾಕಲೇಬೇಕಾದರೆ ಎಪಾಕ್ಸಿಯ ಮೇಲೆ ಹಾಕಬೇಕು, ಬರಿ ತಗಡಿನ ಮೇಲಲ್ಲ. ಆದರೆ ಎಪಾಕ್ಸಿಗೆ ಬಿಸಿಲು ಆಗದು. ಬಿಸಿಲಿಗೆ ಬಿಟ್ಟರೆ ಸುಣ್ಣದಂತೆ ಪುಡಿಯಾಗುತ್ತದೆ. ಮೇಲೆ ಇನ್ನೊಂದು ಪದರ ಬೇಕೇ ಬೇಕು.

ಸತುವಿನ ಪ್ರೈಮರ್ ಯಾಕಲ್ಲ ಎಂದು ನನ್ನ ಲ್ಯಾಬ್ ಜೊತೆಗಾರ ಕೇಳಿದ. ಒಳ್ಳೆಯ ಪ್ರಶ್ನೆ. ಸತುವಿನ ವಿಭವ −0.76 ವೋಲ್ಟ್, ಕಬ್ಬಿಣದ್ದು −0.44. ಎರಡೂ ತಾಗಿಕೊಂಡಿದ್ದರೆ ಸತು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಆದರೆ ತಾಗಿಕೊಂಡಿರಲೇಬೇಕು. ತುಕ್ಕು, ಪಟ್ಟಿ, ಹಳೆ ಪೇಂಟ್ ನಡುವೆ ಬಂದರೆ ಆ ಲಾಭವಿಲ್ಲ. ಹೊಸ ತಗಡು ಬೆಸೆದ ಜಾಗಕ್ಕೆ ಮಾತ್ರ ಅದನ್ನು ಹಾಕಿಸಿದೆವು.

ಇನ್ನು ಮೇಲಿನ ಬಣ್ಣ. ಸಿಂಥೆಟಿಕ್ ಎನಾಮೆಲ್ ಅಗ್ಗ, ಬ್ರಷ್ಷಿನಲ್ಲೂ ಬಳಿಯಬಹುದು, ಆದರೆ ಬಿಸಿಲಿಗೆ ಬೇಗ ಮಂಕಾಗುತ್ತದೆ. ಎನ್‌ಸಿ ಪೇಂಟ್ ಥಿನ್ನರ್ ಹಾರಿಹೋಗಿ ಒಣಗುತ್ತದೆ, ಅಷ್ಟೆ. ಮತ್ತೆ ಥಿನ್ನರ್ ತಾಗಿದರೆ ಕರಗುತ್ತದೆ. ಪಿಯು ಹಾಗಲ್ಲ. ಹಾರ್ಡನರ್ ಬೆರೆತಾಗ ಅದರ ಅಣುಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ. ಡೀಸೆಲ್ ಚೆಲ್ಲಿದರೂ, ಬಿಸಿಲಲ್ಲಿ ನಿಂತರೂ ತಡೆಯುತ್ತದೆ.

ಪಿಯುನಲ್ಲೂ ನಾವು ಮೆಟಾಲಿಕ್ ಬೇಡವೆಂದೆವು. ಬಣ್ಣ ಒಂದು ಪದರ, ಮೇಲೆ ಕ್ಲಿಯರ್ ಇನ್ನೊಂದು ಪದರ ಎಂದಾದರೆ ಗೀರು ಬಿದ್ದಲ್ಲಿ ಮನೆಯಲ್ಲೇ ತೇಪೆ ಹಾಕಲಾಗದು. ಕಾಫಿ ಗಿಡಗಳ ನಡುವೆ ಓಡುವ ಗಾಡಿಗೆ ಗೀರು ತಪ್ಪುವುದಿಲ್ಲ. ಅದಕ್ಕೆ ಒಂದೇ ಪದರದ ಸಾದಾ ಬಣ್ಣವೇ ಸರಿ. ತಮ್ಮನಿಗೆ ಮ್ಯಾಟ್ ಕಪ್ಪು ಬೇಕಿತ್ತು. ಮ್ಯಾಟ್ ಮೇಲಿನ ಗೀರನ್ನು ಉಜ್ಜಿ ತೆಗೆಯಲು ಹೋದರೆ ಅಲ್ಲಷ್ಟೇ ಹೊಳಪು ಬರುತ್ತದೆ. ಅದು ಆಗದು ಎಂದಾಗ ಮಿಲಿಟರಿ ಹಸಿರು ಎಂದ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಹಳೆ ಜೀಪ್ ಕೊಳ್ಳುವವರಲ್ಲಿ ಬಹಳ ಮಂದಿಗೆ ಈ ವಿಷಯ ಗೊತ್ತಿಲ್ಲ. ಬೇರೆ ಬಣ್ಣಕ್ಕೆ ಹೋದರೂ ಆರ್‌ಸಿಯಲ್ಲಿ ತಿದ್ದಿಸಬೇಕು. ನಮ್ಮ ಆರ್‌ಸಿಯಲ್ಲಿ ಬಿಳಿ ಇತ್ತು, ಬಿಳಿಗೇ ಮರಳಿದೆವು. ಬಿಳಿಯ ಮೇಲೆ ತುಕ್ಕಿನ ಒಂದು ಗೆರೆ ಇಳಿದರೂ ಮರುದಿನವೇ ಕಣ್ಣಿಗೆ ಬೀಳುತ್ತದೆ.

ಕೆಲಸ ಫೆಬ್ರವರಿಯಲ್ಲಿ ನಡೆಯಿತು. ತಗಡಿನ ಮೇಲೆ ಇಬ್ಬನಿ ಕೂರುವ ಹೊತ್ತಿನಲ್ಲಿ ಪೇಂಟ್ ಹೊಡೆಯಬಾರದೆಂದು ಪೇಂಟರ್ ದಿನವೂ ಬಿಸಿಲು ಏರುವ ತನಕ ಕಾದರು. ತಗಡನ್ನು ಮೊದಲು ಥಿನ್ನರಿನಲ್ಲಿ ಒರೆಸಿ, ಆಮೇಲೆ ಉಜ್ಜಿದರು. ಮೊದಲೇ ಉಜ್ಜಿದರೆ ಗ್ರೀಸು ಗೀರುಗಳೊಳಗೆ ಕೂರುತ್ತದೆ. ಉಜ್ಜಿ ಮುಗಿದ ಮೇಲೆ ಬರಿಗೈಯಲ್ಲಿ ಮುಟ್ಟಲು ನಮ್ಮನ್ನು ಬಿಡಲಿಲ್ಲ. ಕೈಬೆವರಿನಲ್ಲಿ ಉಪ್ಪಿರುತ್ತದಲ್ಲ! ಚೂಪು ಅಂಚುಗಳಿಗೆ ಮೊದಲು ಬ್ರಷ್ಷಿನಲ್ಲಿ ಪ್ರೈಮರ್ ಹಚ್ಚಿದರು. ಒದ್ದೆ ಪೇಂಟ್ ಅಂಚಿನಿಂದ ಹಿಂದೆ ಸರಿದು ಅಲ್ಲಿ ತೆಳ್ಳಗಾಗುತ್ತದೆ, ತುಕ್ಕು ಶುರುವಾಗುವುದೂ ಅಲ್ಲಿಂದಲೇ.

ಒಂದು ವಿಷಯಕ್ಕೆ ಮಾತ್ರ ನಾನು ಅವರ ಹತ್ತಿರ ಜಗಳವಾಡಿದೆ. ಪಿಯು ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಹನಿಮಂಜು ಉಸಿರಿನೊಳಗೆ ಹೋದರೆ ಬಿಡದ ಆಸ್ತಮಾ ಬರಬಹುದು. ಅವರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಿಂತಿದ್ದರು. ಅದಕ್ಕೆ ಕರವಸ್ತ್ರವೂ ಸಾಲದು, ಧೂಳಿನ ಮಾಸ್ಕೂ ಸಾಲದು. ಹೊರಗಿನ ಗಾಳಿಯನ್ನು ಪೈಪಿನಲ್ಲಿ ಮುಖಕ್ಕೆ ತರುವ ಮಾಸ್ಕೇ ಬೇಕು. “ಇಪ್ಪತ್ತು ವರ್ಷದಿಂದ ಹೊಡೀತಿದ್ದೀನಿ, ಏನೂ ಆಗಿಲ್ಲ ಮಗಾ” ಎಂದರು. ಅಬ್ಬ ಕೆಲಸ ನಿಲ್ಲಿಸಿದರು. ಅಂಥ ಮಾಸ್ಕ್ ಇರುವ ದೊಡ್ಡ ಗ್ಯಾರೇಜಿನಲ್ಲಿ ಒಂದು ದಿನಕ್ಕೆ ಜಾಗ ಕೇಳಿ, ಅದೇ ಪೇಂಟರಿನ ಕೈಯಲ್ಲಿ ಅಲ್ಲಿ ಹೊಡೆಸಿದೆವು. ಖರ್ಚು ಹೆಚ್ಚಾಯಿತು.

ಷಾಸಿಯ ಒಳಟೊಳ್ಳಿಗೆ ಸ್ಪ್ರೇ ಗನ್ ತಲುಪುವುದಿಲ್ಲ. ಅಲ್ಲಿಗೆ ಮೇಣ ಸೇರಿದ ತುಕ್ಕುನಿರೋಧಕ ಎಣ್ಣೆ ಬಿಟ್ಟೆವು. ನಮ್ಮ ಕಡೆ ಹಳೆ ಇಂಜಿನ್ ಆಯಿಲ್ ಬಳಿಯುತ್ತಾರೆ. ಅದು ತೊಟ್ಟಿಕ್ಕುವುದು ನಮ್ಮ ತೋಟದ ಮಣ್ಣಿಗೇ ಅಲ್ಲವೇ? ಬೇಡವೆಂದೆ. ನೀರಿಳಿಯುವ ತೂತುಗಳಲ್ಲಿದ್ದ ಕೆಸರನ್ನು ನಾನೂ ತಮ್ಮನೂ ತಂತಿಯಿಂದ ಕೆದಕಿ ತೆಗೆದೆವು.

ಮನೆಗೆ ಬಂದ ಮೊದಲ ವಾರವೇ ಲಂಟಾನದ ಪೊದೆ ಬಲಬದಿಯಲ್ಲಿ ಒಂದು ಗೇಣು ಉದ್ದ ಗೀರಿತು. ಹಾರ್ಡನರ್ ಬೆರೆಸದೆ ಉಳಿಸಿಟ್ಟಿದ್ದ ಬಣ್ಣದಲ್ಲಿ ಒಂದಿಷ್ಟು ತೆಗೆದು, ಡಬ್ಬಿಯ ಮೇಲಿದ್ದ ಅಳತೆಯಲ್ಲಿ ಬೆರೆಸಿ, ಅಬ್ಬ ಸಣ್ಣ ಬ್ರಷ್ಷಿನಲ್ಲಿ ಎಳೆದರು. ಹತ್ತಿರ ಹೋದರೆ ತೇಪೆ ಕಾಣುತ್ತದೆ. ಮಾರುವ ಮಾತನ್ನು ಅವರು ಮತ್ತೆ ಎತ್ತಿಲ್ಲ.